ಮಂಡಳಿ ಆಮೇಲೆ, ಬೀಗದ ಕೈ ಮೊದಲು

ಪ್ರಶ್ನೆ: ಸಾರ್, ಸಕಲೇಶಪುರದ ಹತ್ತಿರ ನಮ್ಮದೊಂದು ಮೂರು ರೂಮಿನ ಹೋಂಸ್ಟೇ ಇದೆ. ಮೊನ್ನೆ ಹೋಂಸ್ಟೇ ಮಾಲೀಕರೆಲ್ಲ ಸೇರಿ ಒಂದು ಮನವಿ ಬರೆದರು. ಪ್ರವಾಸೋದ್ಯಮಕ್ಕೇ ಅಂತ ರಾಜ್ಯ ಸರ್ಕಾರ ಒಂದು ಪ್ರತ್ಯೇಕ ಮಂಡಳಿ ಮಾಡಬೇಕು, ಅದಕ್ಕೆ ವರ್ಷಾವರ್ಷ ದುಡ್ಡು ಕೊಡಬೇಕು ಅಂತ. ನನಗೂ ಸಹಿ ಹಾಕಲು ಹೇಳಿದ್ದಾರೆ. ಹಾಕಲಾ? (ಸಕಲೇಶಪುರ ತಾಲ್ಲೂಕಿನ ಓದುಗರು)

ಉತ್ತರ: ಹಾಕಿ. ಆದರೆ ಮನವಿಗೆ ಒಂದು ಸಾಲು ಸೇರಿಸಿ ಹಾಕಿ. ಯಾವ ಸಾಲು ಅಂತ ಆಮೇಲೆ ಹೇಳುತ್ತೇನೆ.

ನಾನು 22 ವರ್ಷ ಟೂರ್ ಬಸ್ಸಿನ ಮ್ಯಾನೇಜರ್ ಆಗಿದ್ದವನು. ಶಿವಮೊಗ್ಗದಿಂದ ಹೊರಡುತ್ತಿದ್ದೆವು. ಡಿಕ್ಕಿಯಲ್ಲಿ ಅಡುಗೆ ಪಾತ್ರೆ, ಒಳಗೆ 40 ಜನ, ಅದರಲ್ಲಿ ಮುಕ್ಕಾಲು ಪಾಲು ಅರವತ್ತು ದಾಟಿದವರು. ಮಲೆನಾಡಿನ ಒಂದು ಜಲಪಾತದ ಹತ್ತಿರ, ಹೆಸರು ಬೇಡ ಬಿಡಿ, ಹೊಸದಾಗಿ ಶೌಚಾಲಯ ಕಟ್ಟಿಸಿದ್ದರು. ಟೈಲ್ಸ್ ಹಾಕಿ, ಗೋಡೆಗೆ ಯಕ್ಷಗಾನದ ವೇಷ ಬರೆಸಿ, ನೋಡಲು ಚೆನ್ನಾಗಿತ್ತು. ಉದ್ಘಾಟನೆಯ ಕಲ್ಲಿನಲ್ಲಿ ಏಳು ಜನರ ಹೆಸರು. ಬಾಗಿಲಿಗೆ ಬೀಗ. ಬೀಗದ ಕೈ ಪಂಚಾಯಿತಿಯ ನೀರುಗಂಟಿ ಹತ್ತಿರ, ನೀರುಗಂಟಿ ಯಾವುದೋ ಮದುವೆಯಲ್ಲಿ. ನಮ್ಮ ಬಸ್ಸಿನ ಅಜ್ಜಿಯೊಬ್ಬರು ಸೀರೆ ಎತ್ತಿ ಹಿಡಿದುಕೊಂಡು, ಜಿಗಣೆ ತುಂಬಿದ ಕಾಫಿ ತೋಟದೊಳಗೆ ಹೋಗಿ ಬಂದರು. ಸಂಜೆವರೆಗೂ ನನ್ನ ಹತ್ತಿರ ಮಾತಾಡಲಿಲ್ಲ.

ಮಾರನೇ ವರ್ಷವೂ ಅದೇ ಬೀಗ. ಕಟ್ಟಿಸಿದವರನ್ನು ಕೇಳಿದರೆ ‘ಪಂಚಾಯಿತಿಗೆ ಹಸ್ತಾಂತರ ಆಗಿದೆ’ ಅಂದರು. ಪಂಚಾಯಿತಿಯಲ್ಲಿ ಕೇಳಿದರೆ ‘ಕರೆಂಟ್ ಬಿಲ್ಲು, ಫಿನಾಯಿಲು, ತೊಳೆಯುವವರ ಸಂಬಳ ಯಾರು ಕೊಡ್ತಾರೆ ಸ್ವಾಮಿ?’ ಅಂದರು. ಕಟ್ಟುವ ದುಡ್ಡು ಬಂದಿತ್ತು. ನಡೆಸುವ ದುಡ್ಡು ಬಂದಿರಲಿಲ್ಲ, ಅಷ್ಟೇ.

ಹಾಗಂತ ನಮ್ಮಲ್ಲಿ ಸಂಸ್ಥೆಗಳಿಗೇನೂ ಬರ ಇಲ್ಲ. ಪ್ರವಾಸೋದ್ಯಮ ಇಲಾಖೆ ಇದೆ. ರಾಜ್ಯದ ಹೆಸರು ಇನ್ನೂ ಮೈಸೂರು ಅಂತಿದ್ದಾಗಲೇ, 1971ರಲ್ಲಿ, ಅಭಿವೃದ್ಧಿ ನಿಗಮ ಶುರುವಾಯಿತು. ಮಯೂರ ಹೋಟೆಲುಗಳು ಅದರವೇ, 2008ರಿಂದ ಗೋಲ್ಡನ್ ಚಾರಿಯಟ್ ರೈಲು ಕೂಡ. 1980ರಲ್ಲಿ ಜಂಗಲ್ ಲಾಡ್ಜಸ್ ಬಂತು. ಕಟ್ಟಡ, ರಸ್ತೆ ಇತ್ಯಾದಿಗೆ ಇನ್ನೊಂದು ಕಂಪನಿ. ನಿಗಮ ಬದುಕುವುದು ತನ್ನ ರೂಮು, ತನ್ನ ಸೀಟು ಮಾರಿ. ನಿಮ್ಮ ಮೂರು ರೂಮಿನ ಪ್ರಚಾರ ಅದರ ಕೆಲಸ ಅಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಸಭೆಯವರ ಮಾತು ಸರಿ. ಎಲ್ಲರ ಪರವಾಗಿ ಕೂಗಿ ಕರೆಯುವ, ಬಂದವರಿಗೆ ಬಾಗಿಲು ತೆಗೆಯುವ ಒಂದು ಸಂಸ್ಥೆ ಬೇಕು.

ದುಡ್ಡು ಎಲ್ಲಿಂದ? ಮೊದಲು ಲಕ್ಸುರಿ ಟ್ಯಾಕ್ಸ್ ಅಂತ ರಾಜ್ಯದ್ದೇ ಒಂದು ತೆರಿಗೆ ಇತ್ತು. 2017ರ ಜುಲೈನಲ್ಲಿ ಅದು ಜಿಎಸ್‌ಟಿ ಹೊಟ್ಟೆಗೆ ಹೋಯಿತು. ಈಗ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇಕಡಾ 5 ಜಿಎಸ್‌ಟಿ. 2,000 ರೂಪಾಯಿ ರೂಮಿಗೆ 100 ರೂಪಾಯಿ ತೆರಿಗೆ ಅಂದರೆ 50 ದೆಹಲಿಗೆ, 50 ಬೆಂಗಳೂರಿಗೆ. ಆ 50 ರೂಪಾಯಿ ಖಜಾನೆಯ ದೊಡ್ಡ ಹಂಡೆಗೆ ಬಿದ್ದ ಮೇಲೆ ಯಾವುದಕ್ಕೆ ಖರ್ಚಾಯಿತು ಅಂತ ಹುಡುಕಲು ಆಗುತ್ತಾ?

ಇಲ್ಲಿ ನನಗೆ ಅಮೆರಿಕದ ಕೊಲರಾಡೊ ನೆನಪಾಗುತ್ತದೆ. ಮಗಳು ಡೆನ್ವರಿನಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದಾಗ ಹೆದ್ದಾರಿ ಪಕ್ಕದ ಸ್ವಾಗತ ಕೇಂದ್ರವೊಂದರಲ್ಲಿ ನನ್ನದೇ ವಯಸ್ಸಿನ ಒಬ್ಬರು ಸಂಬಳ ಇಲ್ಲದೆ ಕೂತು ನಕ್ಷೆ ಕೊಡುತ್ತಿದ್ದರು. ನಾನು ಮೊದಲು ನೋಡಿದ್ದು ಶೌಚಾಲಯ. ತೆರೆದಿತ್ತು! ಆ ರಾಜ್ಯ 1983ರಲ್ಲಿ ಪ್ರವಾಸೋದ್ಯಮ ಮಂಡಳಿ ಮಾಡಿ, ಹೋಟೆಲು, ಊಟ, ಸ್ಕೀ ಟಿಕೆಟ್ಟಿನ ಮೇಲೆ ಶೇಕಡಾ 0.2 ತೆರಿಗೆ ಹಾಕಿತು. 100 ಡಾಲರಿಗೆ 20 ಸೆಂಟು. 1993ರಲ್ಲಿ ಅದನ್ನು ಮುಂದುವರಿಸಬೇಕಾ ಅಂತ ಜನರ ಮತ ಕೇಳಿದರು. ಜನ ಬೇಡ ಅಂದರು. ಬೆಟ್ಟ ಎಲ್ಲಿಗೂ ಓಡಿಹೋಗಲ್ಲ, ಬರುವವರು ಹೇಗೂ ಬರುತ್ತಾರೆ ಅನ್ನುವ ಲೆಕ್ಕ ಇರಬೇಕು. ವರ್ಷಕ್ಕೆ 1 ಕೋಟಿ 20 ಲಕ್ಷ ಡಾಲರಿನ ಬಜೆಟ್ ಸೊನ್ನೆಗೆ ಬಂತು. ನಾಲ್ಕೇ ವರ್ಷದಲ್ಲಿ ದೇಶದ ಪ್ರವಾಸಿಗರಲ್ಲಿ ಆ ರಾಜ್ಯದ ಪಾಲು ಶೇಕಡಾ 30ರಷ್ಟು ಕುಸಿಯಿತು ಅಂತ ಸಮೀಕ್ಷೆ ಹೇಳಿತು. ಸಮೀಕ್ಷೆ ಮಾಡಿದ್ದು ಪ್ರವಾಸೋದ್ಯಮದವರಿಗೇ ಕೆಲಸ ಮಾಡುವ ಕಂಪನಿ. ಹಾಗಾಗಿ ಆ 30ನ್ನು ನಾನು ಪೂರ್ತಿ ನಂಬಲ್ಲ. ಆದರೆ 2000ದಲ್ಲಿ ಆ ರಾಜ್ಯವೇ ಮತ್ತೆ ಪ್ರವಾಸೋದ್ಯಮದ ಕಚೇರಿ ತೆರೆಯಿತು, ಅದನ್ನು ನಂಬುತ್ತೇನೆ.

ಈಗ ನಿಮ್ಮ ಮನವಿಗೆ ಸೇರಿಸುವ ಸಾಲು: ‘ರೂಮಿನ ತೆರಿಗೆಯಲ್ಲಿ ರಾಜ್ಯಕ್ಕೆ ಬರುವ 50 ರೂಪಾಯಿಗೆ 10 ರೂಪಾಯಿಯಂತೆ ಮಂಡಳಿಗೇ ಅಂತ ಕಾನೂನಿನಲ್ಲಿ ಬರೆಯಿರಿ, ಅದರಲ್ಲಿ ಅರ್ಧ ಅದೇ ತಾಲ್ಲೂಕಿನ ನಿರ್ವಹಣೆಗೆ.’ ಹೊಸ ತೆರಿಗೆ ಬೇಕಿಲ್ಲ. ಬಂದ ತೆರಿಗೆಯಲ್ಲಿ ಅಷ್ಟು ಮೊತ್ತ ತೆಗೆದಿಡಲು ನಮ್ಮ ವಿಧಾನಸೌಧ ಮನಸ್ಸು ಮಾಡಿದರೆ ಸಾಕು. ಈ ಸಾಲು ಇಲ್ಲದಿದ್ದರೆ ಸುಮ್ನೆ ಇನ್ನೊಬ್ಬ ಅಧ್ಯಕ್ಷರು, ಇನ್ನೊಂದು ಕಾರು. ಮಂಡಳಿಯ ಸಭೆಯಲ್ಲಿ ನಿಮ್ಮಂಥವರಿಗೂ ಡ್ರೈವರುಗಳಿಗೂ ಎರಡು ಕುರ್ಚಿ ಕೇಳಿ. ಕೊಡಲ್ಲ, ಆದರೂ ಕೇಳಿ.

ಪ್ರಶ್ನೆ: ಕೇರಳಕ್ಕೆ ಜನ ಅಷ್ಟೊಂದು ಹೋಗುವುದು ಅಲ್ಲಿ ಪ್ರತ್ಯೇಕ ಸಂಸ್ಥೆ ಇರುವುದಕ್ಕೇ ಅಲ್ವಾ? (ಉಡುಪಿಯ ಓದುಗರು)

ಉತ್ತರ: ಅಲ್ಲ. ಅಲ್ಲಿಯೂ ನಿಗಮ ಇದೆ, 1966ರದ್ದು, ನಮ್ಮ ಮಯೂರದ ಹಾಗೇ ಹೋಟೆಲು ನಡೆಸುತ್ತದೆ. ‘ದೇವರ ಸ್ವಂತ ನಾಡು’ ಅಂತ ಊರೂರಿಗೆ ಸಾರಿದ್ದು ಮಾಮೂಲಿ ಸರ್ಕಾರಿ ಇಲಾಖೆ. 1986ರಲ್ಲಿ ಪ್ರವಾಸಕ್ಕೆ ಉದ್ಯಮದ ಮಾನ್ಯತೆ ಕೊಟ್ಟರು, 1989ರಲ್ಲಿ ಆ ಘೋಷಣೆ ಹಿಡಿದರು, ಸರ್ಕಾರ ಎಷ್ಟು ಬದಲಾದರೂ ಅದನ್ನು ಬಿಡಲಿಲ್ಲ. ನಮ್ಮ ‘ಒಂದು ರಾಜ್ಯ, ಹಲವು ಜಗತ್ತು’ ಎಷ್ಟು ಜನರಿಗೆ ನೆನಪಿದೆ, ನಿಮ್ಮ ಮನೆಯಲ್ಲೇ ಕೇಳಿ ನೋಡಿ.

ಪ್ರಶ್ನೆ: ಹಂಪಿಗೆ ಪ್ರಾಧಿಕಾರ ಇದೆಯಲ್ಲ, ಅಲ್ಲಿ ರೂಮು ಬುಕ್ ಮಾಡಬಹುದಾ? ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು. (ಹಾವೇರಿಯ ಓದುಗರು)

ಉತ್ತರ: ಇಲ್ಲಮ್ಮ. ಅದು 2002ರ ಕಾಯ್ದೆಯಿಂದ ಬಂದ ಪ್ರಾಧಿಕಾರ. ಸ್ಮಾರಕದ ಸುತ್ತ ಏನು ಕಟ್ಟಬಹುದು, ಏನು ಕಟ್ಟಬಾರದು ಅಂತ ನೋಡುವುದು ಅದರ ಕೆಲಸ. ರೂಮಿಗೆ ಕಮಲಾಪುರದ ಮಯೂರ ಭುವನೇಶ್ವರಿ ವಿಚಾರಿಸಿ. ವಿಠ್ಠಲ ದೇವಸ್ಥಾನಕ್ಕೆ ಕಾರು ಬಾಗಿಲವರೆಗೂ ಹೋಗಲ್ಲ. ಗೆಜ್ಜಲ ಮಂಟಪದ ಹತ್ತಿರ ಇಳಿದು ಬ್ಯಾಟರಿ ಗಾಡಿ ಹತ್ತಬೇಕು. ಅಪ್ಪನಿಗೆ ಮಂಡಿ ನೋವಿದ್ದರೆ ಬೆಳಿಗ್ಗೆಯೇ ಹೋಗಿಬಿಡಿ, ಹೊತ್ತು ಏರಿದ ಮೇಲೆ ಸಾಲೂ ಜಾಸ್ತಿ, ಬಿಸಿಲೂ ಜಾಸ್ತಿ.