ಮಾರ್ಚಿನಲ್ಲಿ ಗೆಳೆಯರ ಜೊತೆ ಎರಡು ದಿನ ನಡೆಯೋದಾದರೆ ಯಾಣವೋ, ಗೋಕರ್ಣವೋ?

ಹತ್ತು-ಹನ್ನೆರಡು ಜನ ಗೆಳೆಯರು ಮಾರ್ಚಿನ ಒಂದು ಶನಿವಾರ-ಭಾನುವಾರ ಹುಬ್ಬಳ್ಳಿಯಿಂದ ಬರ್ತೀರಿ, ಕಾಡಿನಲ್ಲಿ ನಡೆಯೋದೋ ಕಡಲ ದಂಡೆಯಲ್ಲೋ, ಗುಂಪನ್ನು ಹೇಗೆ ಸಂಭಾಳಿಸೋದು ಅಂತ ಕೇಳಿದ್ದೀರಿ. ನಾನು ಕುಮಟಾದವನು. ಪ್ರತಿ ವರ್ಷ ಸುಗ್ಗಿಯ ಹೊತ್ತಿಗೆ ನಮ್ಮದೂ ಇಂಥದೇ ಒಂದು ಗುಂಪು ಹೊರಡುತ್ತದೆ. ನನ್ನ ಕೇಳಿದರೆ ಎರಡೂ ಮಾಡಿ. ಶನಿವಾರ ಯಾಣ, ಭಾನುವಾರ ಗೋಕರ್ಣ. ‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಅಂತ ನಮ್ಮ ಕಡೆ ಹಳೇ ಮಾತು. ಈಗ ಎರಡಕ್ಕೂ ಒಳ್ಳೆ ರಸ್ತೆ ಇದೆ.

ಆದರೆ ಈ ಕಾಲದಲ್ಲಿ ಜಾಗಕ್ಕಿಂತ ಹೊತ್ತು ಮುಖ್ಯ. ನಮ್ಮ ಕರಾವಳಿಯಲ್ಲಿ ಮಾರ್ಚ್ ಅಂದರೆ ಬಿಸಿಲಿಗಿಂತ ಸೆಕೆ ಜಾಸ್ತಿ. ಬಯಲುಸೀಮೆಯಿಂದ ಬಂದವರಿಗೆ ಇದು ಬೇಗ ಗೊತ್ತಾಗೋದಿಲ್ಲ. ಬೆವರು ಒಣಗೋದೇ ಇಲ್ಲ, ಮೈಯೆಲ್ಲ ಅಂಟಂಟು, ಅರ್ಧ ದಾರಿಯಲ್ಲೇ ತಲೆನೋವು ಶುರುವಾಗುತ್ತದೆ. ಯಾಣದಲ್ಲಿ ಮರದ ನೆರಳಿದೆ, ಮಧ್ಯಾಹ್ನದ ಒಳಗೆ ಮುಗಿಸಿದರೆ ಸಾಕು. ಗೋಕರ್ಣದ ದಂಡೆಯಲ್ಲಿ ಮಾತ್ರ ಬೆಳಕು ಹರಿಯುವಾಗಲೇ ಹೊರಟುಬಿಡಿ.

ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರ, ಮೋಹಿನಿ ಶಿಖರ 90 ಮೀಟರ್. ಕಾಡಿನ ನಡುವೆ ಕಪ್ಪು ಸುಣ್ಣಕಲ್ಲಿನ ಬಂಡೆ ಒಮ್ಮೆಲೇ ಎದುರಿಗೆ ಬಂದು ನಿಂತಾಗ ಮಾತಾಡುತ್ತ ಬಂದವರೂ ಸುಮ್ಮನಾಗುತ್ತಾರೆ. ಭೈರವೇಶ್ವರನ ಗುಹೆಯಲ್ಲಿ ಬಂಡೆಯ ಸಂದಿನಿಂದ ನೀರು ಲಿಂಗದ ಮೇಲೆ ತೊಟ್ಟಿಕ್ಕುತ್ತಲೇ ಇರುತ್ತದೆ. ಅಲ್ಲಿ ಕೈ ಒಡ್ಡಿ ನೋಡಿ, ಹೊರಗಿನ ಸೆಕೆಯ ನಡುವೆ ಆ ನೀರು ಎಷ್ಟು ತಣ್ಣಗಿರುತ್ತದೆ! ಹಾಗೇ ಸ್ವಲ್ಪ ಮೇಲೆ ನೋಡಿ. ಬಂಡೆಯ ಅಂಚಿಗೆ ಹೆಜ್ಜೇನಿನ ಹುಟ್ಟುಗಳು ಜೋತುಬಿದ್ದಿರುತ್ತವೆ. ಹೂವಿನ ಕಾಲವಲ್ವಾ, ಜೇನು ಜೋರಾಗಿರುತ್ತದೆ. ಕೂಗಾಟ, ಸೀಟಿ, ಹೊಗೆ, ಘಾಟು ಸೆಂಟು ಯಾವುದೂ ಬೇಡ. ಗುಂಪಿನಲ್ಲಿ ಒಬ್ಬ ಕಲ್ಲು ಎಸೆದರೆ ಎಲ್ಲರೂ ಕಚ್ಚಿಸಿಕೊಳ್ಳಬೇಕಾಗುತ್ತದೆ. ವಿಭೂತಿ ಜಲಪಾತ ಹತ್ತಿರವೇ ಇದೆ. ಈ ಕಾಲಕ್ಕೆ ನೀರು ಕಡಿಮೆ, ಸಮಯ ಉಳಿದರೆ ಹೋಗಿ.

ಇದೊಂದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮಳೆಗಾಲದಲ್ಲಿ ಎಲ್ಲರೂ ಉಂಬಳಕ್ಕೆ ಹೆದರುತ್ತಾರೆ. ಉಂಬಳ ರಕ್ತ ಹೀರಿ ಬಿದ್ದುಹೋಗುತ್ತದೆ, ಅಷ್ಟೇ. ಈಗ ನೋಡಿಕೊಳ್ಳಬೇಕಾದ್ದು ಉಣುಗನ್ನು, ಅಂದರೆ ಉಣ್ಣೆ ಹುಳವನ್ನು. ಮಂಗನ ಕಾಯಿಲೆ ಹರಡೋದು ಅದರಿಂದಲೇ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಡಿಸೆಂಬರಿನಿಂದ ಮೇ ತನಕ, ತರಗೆಲೆ ಒಣಗಿ ಬಿದ್ದಿರುವ ಹೊತ್ತಿನಲ್ಲೇ ಇದರ ಕಾಟ. ಸಿದ್ದಾಪುರ, ಶಿರಸಿ, ಹೊನ್ನಾವರ ಕಡೆಯ ಹಳ್ಳಿಗಳು ಇದರಿಂದ ಜನರನ್ನು ಕಳೆದುಕೊಂಡಿವೆ. ಹೊರಡುವ ಮುಂಚೆ ಸ್ಥಳೀಯ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಆ ಭಾಗದಲ್ಲಿ ಕಾಯಿಲೆ ಇದೆಯಾ ಕೇಳಿ. ಇದೆ ಅಂದರೆ ಕಾಡಿನ ನಡಿಗೆಯನ್ನೇ ಬಿಡಿ. ಇಲ್ಲ ಅಂದರೂ ತುಂಬು ತೋಳಿನ ಅಂಗಿ, ಪ್ಯಾಂಟಿನ ಕಾಲು ಸಾಕ್ಸಿನೊಳಗೆ, ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ. ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸುದ್ದಿ ಮುಟ್ಟಿಸಿ. ರಾತ್ರಿ ಬಿಸಿನೀರಿನ ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಿ. ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಭಾನುವಾರದ್ದು ನನಗೆ ಹೆಚ್ಚು ಇಷ್ಟದ ದಾರಿ. ಗೋಕರ್ಣದ ದೊಡ್ಡ ದಂಡೆಯಿಂದ ಗುಡ್ಡ ಹತ್ತಿ ಕುಡ್ಲೆ, ಅಲ್ಲಿಂದ ಓಂ, ಆಮೇಲೆ ಹಾಫ್ ಮೂನ್, ಪ್ಯಾರಡೈಸ್. ಕೊನೆಯ ಎರಡಕ್ಕೆ ಕಾಲುದಾರಿ ಅಥವಾ ದೋಣಿ, ವಾಹನ ಹೋಗೋದಿಲ್ಲ. ಗುಡ್ಡದ ಅಂಚಿನ ದಾರಿಯಲ್ಲಿ ಸಣ್ಣ ಜಲ್ಲಿ, ಕಾಲು ಜಾರುತ್ತದೆ. ಹಿಂದಿನ ದಿನವೇ ಭರತ-ಇಳಿತದ ಹೊತ್ತು ನೋಡಿಡಿ. ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ಭರತ ಜೋರು, ಆಗ ಬಂಡೆಗಳ ಮೇಲೆ ದಾಟುವ ಸಾಹಸ ಬೇಡ. ನಡೆಯುವಾಗ ಯಾರೂ ಮೊಣಕಾಲಿನಿಂದ ಆಚೆ ನೀರಿಗಿಳಿಯಬಾರದು ಅಂತ ಮೊದಲೇ ಹೇಳಿಬಿಡಿ. ಇಲ್ಲಿ ಕಡಲಲ್ಲಿ ಮುಳುಗಿ ಹೋದವರಲ್ಲಿ ಜಾಸ್ತಿ ಜನ ಈಜು ಬರುತ್ತದೆ ಅಂದುಕೊಂಡವರೇ.

ಗುಂಪಿನ ಬಗ್ಗೆ ಕೇಳಿದ್ದಿರಿ. ದಾರಿ ಗೊತ್ತಿರುವ ಇಬ್ಬರಲ್ಲಿ ಒಬ್ಬರು ಮುಂದೆ, ಒಬ್ಬರು ಎಲ್ಲರಿಗಿಂತ ಹಿಂದೆ. ನಿಧಾನ ನಡೆಯುವವರನ್ನು ಮುಂದಿನವರ ಬೆನ್ನಿಗೇ ಬಿಡಿ, ಅವರ ಹೆಜ್ಜೆಗೆ ಗುಂಪು ಹೊಂದಿಕೊಳ್ಳಲಿ. ಹಿಂದೆ ಉಳಿದವರು ಸೇರಿದ ಕೂಡಲೇ ಮುಂದಿನವರು ಎದ್ದು ಹೊರಡುವುದನ್ನು ನೋಡಿದ್ದೇನೆ. ಪಾಪ, ಸುಸ್ತಾದವರಿಗೆ ವಿಶ್ರಾಂತಿಯೇ ಸಿಗೋದಿಲ್ಲ. ಯಾಣದ ಕಡೆ ಫೋನಿನ ಸಿಗ್ನಲ್ ನಂಬಬೇಡಿ, ಸೇರುವ ಜಾಗ ಮೊದಲೇ ಗೊತ್ತು ಮಾಡಿ. ಕುಡಿಯಲು ತಲಾ ಎರಡು ಲೀಟರ್ ನೀರು, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ. ಮುರುಗಲ (ಕೋಕಂ) ಪಾನಕ ಸಿಕ್ಕಿದರೆ ಬಿಡಬೇಡಿ.

ಶಿವರಾತ್ರಿಯ ಆಸುಪಾಸು ಎರಡೂ ಕಡೆ ಜಾತ್ರೆ, ನಡೆಯೋಕೆ ಜಾಗವೇ ಇರೋದಿಲ್ಲ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬೆಯ ಜಾತ್ರೆಯೂ ಇದೇ ಕಾಲಕ್ಕೆ, ಆ ವಾರ ಶಿರಸಿಯಲ್ಲಿ ರೂಮು ಹುಡುಕಬೇಡಿ. ಹೋಳಿ ಹುಣ್ಣಿಮೆಗೆ ಮುಂಚಿನ ವಾರ ಬಂದರೆ ತುಂಬಾ ಒಳ್ಳೆಯದು. ಅಂಕೋಲಾ, ಕುಮಟಾದ ಊರುಗಳಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಇರುತ್ತದೆ. ಬಣ್ಣದ ತುರಾಯಿ ಕಟ್ಟಿದ ತಂಡ ಎದುರಾದರೆ ಗಾಡಿ ನಿಲ್ಲಿಸಿ, ಕುಣಿತ ಪೂರ್ತಿ ನೋಡಿ, ಕೈಲಾದ ಕಾಣಿಕೆ ಕೊಟ್ಟು ಹೊರಡಿ. ಸುರಗಿ ಹೂವಿನ ಕಾಲವೂ ಅದೇ. ಪೇಟೆಯಲ್ಲಿ ಮಾಲೆ ಸಿಕ್ಕಿದರೆ ಒಂದು ಕೊಳ್ಳಿ, ಒಣಗಿದರೂ ಅದರ ಪರಿಮಳ ಹೋಗೋದಿಲ್ಲ.

ಗುಂಪಿನಲ್ಲಿ ಮಂಡಿನೋವಿನವರೋ ಚಿಕ್ಕ ಮಕ್ಕಳೋ ಇದ್ದರೆ ಭಾನುವಾರದ ನಡಿಗೆಯನ್ನು ಓಂ ಬೀಚಿಗೇ ನಿಲ್ಲಿಸಿ. ಅಲ್ಲಿವರೆಗೆ ಆಟೋ ಬರುತ್ತದೆ.