ಬಟಿಂಡಾದಿಂದ ತೇನಿಗೆ

ಪ್ರಶ್ನೆ: ಹಿಂದಿಯ ‘ಜಬ್ ವಿ ಮೆಟ್’ ನೋಡಿದವರು ಅದರ ತಮಿಳು ರೀಮೇಕ್ ಅನ್ನೂ ನೋಡಬೇಕೆ?

ಉತ್ತರ: ಇಮ್ತಿಯಾಜ್ ಅಲಿ ಅವರ 2007ರ ಆ ಚಿತ್ರವನ್ನು ಆರ್. ಕಣ್ಣನ್ 2009ರಲ್ಲಿ ‘ಕಂಡೇನ್ ಕಾದಲೈ’ ಎಂಬ ಹೆಸರಿನಲ್ಲಿ ತಮಿಳಿಗೆ ತಂದರು. ಎಲ್ಲವನ್ನೂ ಕಳೆದುಕೊಂಡವನಂತೆ ರೈಲು ಹತ್ತುವ ಸಿರಿವಂತ ಯುವಕ, ಅವನೆದುರು ಕುಳಿತು ಪಟಪಟನೆ ಮಾತಾಡುವ ಹುಡುಗಿ ಎಂಬ ಹಂದರ ಇಲ್ಲಿಯೂ ಹಾಗೆಯೇ ಇದೆ. ಆದರೆ ಪಂಜಾಬಿನ ಬಟಿಂಡಾದ ಸಿಖ್ ಕುಟುಂಬದ ಜಾಗಕ್ಕೆ ತಮಿಳುನಾಡಿನ ತೇನಿಯ ಕುಟುಂಬ ಬಂದಿರುವುದರಿಂದ ಮನೆಮಂದಿಯ ಗದ್ದಲ, ಮದುವೆಯ ಮಾತುಕತೆ ಎಲ್ಲವೂ ತಮಿಳು ನೆಲದ್ದೇ ಆಗಿವೆ. ಸಂತಾನಂ ಅವರ ಹಾಸ್ಯಕ್ಕೂ ಧಾರಾಳವಾಗಿ ಜಾಗ ಸಿಕ್ಕಿದೆ. ನಾಯಕ ಭರತ್ ಅವರ ಅಭಿನಯ ಹದವಾಗಿದೆ. ಹಿಂದಿ ಚಿತ್ರದಲ್ಲಿ ರತ್ಲಾಮ್ ನಿಲ್ದಾಣದಲ್ಲಿ ರೈಲು ತಪ್ಪಿಸಿಕೊಂಡೂ ವಾದಕ್ಕಿಳಿಯುವ ಕರೀನಾ ಕಪೂರ್ ಅವರನ್ನು ಮರೆಯಲಾಗದವರಿಗೆ ಇಲ್ಲಿನ ನಾಯಕಿ ತಮನ್ನಾ ಸ್ವಲ್ಪ ಸಪ್ಪೆ ಎನಿಸಬಹುದು, ಆದರೂ ತೇನಿಯ ದೃಶ್ಯಗಳಿಗಾಗಿ ಒಮ್ಮೆ ಧಾರಾಳವಾಗಿ ನೋಡಬಹುದು.