ಡೈಕ್ರೋಯಿಕ್ (ನೋಡುವ ಕೋನಕ್ಕೆ ತಕ್ಕಂತೆ ಬಣ್ಣ ಬದಲಾಗುವ) ಗಾಜಿನ ಪೆಂಡೆಂಟ್ ಕಿಲ್ನ್‌ನಿಂದ (ಗಾಜು ಬೆಸೆಯುವ ಕುಲುಮೆಯಿಂದ) ತೆಗೆದ ಮೇಲೆ ಬಿರುಕು ಬಿಡುವುದು, ಪದರಗಳು ಬಿಟ್ಟುಕೊಳ್ಳುವುದು ಏಕೆ?

ಬಿರುಕಿಗೆ ಮೊದಲ ಕಾರಣ ಹೊಂದಾಣಿಕೆಯಿಲ್ಲದ ಗಾಜು. ತಳದ, ನಡುವಿನ, ಮೇಲಿನ ಗಾಜುಗಳ ಉಷ್ಣ ವಿಕಾಸ ಒಂದೇ ಆಗಿರಬೇಕು. ಇದನ್ನು ಸಿಒಇ (ಉಷ್ಣ ವಿಕಾಸದ ಗುಣಾಂಕ) ಎಂಬ ಸಂಖ್ಯೆ ತಿಳಿಸುತ್ತದೆ. 90 ಸಿಒಇ ಗಾಜಿನೊಂದಿಗೆ 96ರದ್ದನ್ನು ಬೆರೆಸಿದರೆ ತಣಿಯುವಾಗ ಒಂದು ಹೆಚ್ಚು, ಇನ್ನೊಂದು ಕಡಿಮೆ ಕುಗ್ಗುತ್ತದೆ. ಬಿರುಕು ಕೆಲವೊಮ್ಮೆ ವಾರಗಳ ನಂತರ ಕಾಣಿಸುತ್ತದೆ. ಹಾಗಾಗಿ ಗುರುತು ಹಾಕದ ಚೂರುಗಳನ್ನು ಬಳಸಲೇಬೇಡಿ.

ಪದರ ಬಿಡುವುದಕ್ಕೆ ಕಾರಣ ಲೇಪನ. ಬಣ್ಣ ಬದಲಾಗುವುದು ನಿರ್ವಾತದಲ್ಲಿ ಕೂರಿಸಿದ ಲೋಹದ ಆಕ್ಸೈಡುಗಳ ಅತಿ ತೆಳು ಪದರಗಳಿಂದ. ಲೇಪನ ಗಾಜಿಗೆ ಅಂಟುತ್ತದೆ, ಇನ್ನೊಂದು ಲೇಪನಕ್ಕೆ ಅಂಟುವುದಿಲ್ಲ. ಎರಡು ಲೇಪಿತ ಮುಖಗಳನ್ನು ಎಂದೂ ಎದುರುಬದುರು ಇಡಬೇಡಿ. ಯಾವ ಮುಖವೆಂದು ತಿಳಿಯಲು ಪೆನ್ಸಿಲ್ ಮೊನೆ ತಾಗಿಸಿ: ಪ್ರತಿಬಿಂಬ ಮೊನೆಗೇ ಕೂಡಿಕೊಂಡರೆ ಅದು ಲೇಪಿತ ಮುಖ, ನಡುವೆ ಅಂತರ ಕಂಡರೆ ಬರೀ ಗಾಜು. ಕತ್ತರಿಸುವ ಗೀರನ್ನು ಬರೀ ಗಾಜಿನ ಕಡೆ ಎಳೆಯಿರಿ.

ಜೋಡಣೆ ಸರಳ: 3 ಮಿ.ಮೀ. ಕಪ್ಪು ತಳ, ಲೇಪನ ಮೇಲ್ಮುಖವಾಗಿ ಡೈಕ್ರೋಯಿಕ್ ತುಂಡು, ಸುತ್ತಲೂ 2 ಮಿ.ಮೀ. ದೊಡ್ಡದಾದ ಪಾರದರ್ಶಕ ಹೊದಿಕೆ. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಬೆರಳಚ್ಚು ಉಳಿದರೆ ಮಬ್ಬಾಗಿ ಕಾಣುತ್ತದೆ. ಗಾಜು ಕಿಲ್ನ್ ತಟ್ಟೆಗೆ ಅಂಟದಂತೆ ತಡೆಯುವ ಕಿಲ್ನ್ ಕಾಗದದ ಮೇಲಿಟ್ಟು ನಿಧಾನವಾಗಿ ಬಿಸಿಮಾಡಿ. ಗಾಳಿ ಹೊರಹೋಗಲು 670 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ, ಬಳಿಕ ಸುಮಾರು 800ರಲ್ಲಿ 10 ನಿಮಿಷ. ನಂತರ 90 ಸಿಒಇ ಗಾಜನ್ನು 482ರಲ್ಲಿ, 96 ಸಿಒಇಯನ್ನು ಸುಮಾರು 510ರಲ್ಲಿ ಒಂದು ಗಂಟೆ ನಿಲ್ಲಿಸಿ. ಈ ಹಂತ ಬಿಟ್ಟರೆ ಒಳ ಒತ್ತಡ ಉಳಿದು ಗಾಜು ಒಡೆಯುತ್ತದೆ. ಕೋಣೆಯ ಉಷ್ಣತೆಗೆ ಇಳಿಯುವ ತನಕ ಬಾಗಿಲು ತೆರೆಯಬೇಡಿ.

ಕೊಂಡಿ ಅಂಟಿಸುವ ಮೊದಲು ಗಾಜಿನ ಹಿಂಬದಿ, ಲೋಹ ಎರಡನ್ನೂ ಉಜ್ಜಿ ಒರಟು ಮಾಡಿ, ಎರಡು ಭಾಗಗಳ ಎಪಾಕ್ಸಿ ಹಚ್ಚಿ, ಒಂದು ದಿನ ಮುಟ್ಟದೆ ಬಿಡಿ.